ಕಪ್ಪು ಪರಿವಿಡಿ

ಅದು ಸ್ಟೈಲ್ ಆಗಿರಲಿಲ್ಲ. ನನ್ನ ಮೊಮ್ಮಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಆದದ್ದು ಇಷ್ಟೇ. ಉಳಿದದ್ದೆಲ್ಲ ಜನ ತಾವಾಗಿಯೇ ಹೆಣೆದುಕೊಂಡ ಮಾತು.

ಅವಳು ಒಂದು ಹಿಪ್ ಹಾಪ್ ಪತ್ರಿಕೆಗೆ ಮುಖಪುಟ ಮತ್ತು ಪರಿವಿಡಿಯ ಪುಟ ಮಾಡಿಕೊಡುತ್ತಿದ್ದಳು. ಬರಬರುತ್ತ ಅವಳ ಅಕ್ಷರಗಳು ದೊಡ್ಡವಾದವು, ಚಿತ್ರಗಳು ಕಡಿಮೆಯಾದವು, ಕೊನೆಗೆ ಒಂದು ಸಂಚಿಕೆಯಲ್ಲಿ ಪರಿವಿಡಿಯ ಪುಟ ಬರೀ ಕಪ್ಪಾಗಿ ಅಚ್ಚಾಗಿ ಬಂತು. ಅದನ್ನೂ ಜನ ಹೊಗಳಿದರು. ನಾನು ಅವಳ ಜೊತೆ ಒಂದೇ ಮನೆಯಲ್ಲಿದ್ದವಳು. ಕಂಡದ್ದನ್ನು ಬರೆಯುತ್ತೇನೆ.

ಅವಳು ನನ್ನ ಮಗಳ ಮಗಳು. ಮಗಳು, ಅಳಿಯ ಹಾವೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾರೆ. ಹುಡುಗಿ ಡಿಗ್ರಿ ಮುಗಿಸಿ ರಾಣೆಬೆನ್ನೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಹಿಡಿದಳು, ಬ್ಯಾಡಗಿಗೆ ನನ್ನ ಮನೆಗೆ ಬಂದಳು. ನನ್ನ ಮೇಲಿನ ಮಾಯೆ ಮಮತೆಗೆ ಬಂದಳು ಎಂದು ನಾನೇನೂ ತಿಳಿದಿಲ್ಲ. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗಿಬರುವುದು ಹತ್ತಿರ. ಹಾವೇರಿಯಲ್ಲಿದ್ದರೆ ಅವರವ್ವ ಊಟಕ್ಕೆ ಕೂತಾಗಲೆಲ್ಲ ಮದುವೆಯ ಮಾತು ತೆಗೆಯುತ್ತಿದ್ದಳು. ನಾನು ಊಟಕ್ಕೆ ಕೂತರೆ ಊಟ ಮಾಡುತ್ತೇನೆ.

ಅಂಗಡಿಯಲ್ಲಿ ಅವಳ ಕೆಲಸ ಕಂಪ್ಯೂಟರಿನಲ್ಲಿ ಡಿಜೈನ್ ಮಾಡುವುದು. ಲಗ್ನಪತ್ರಿಕೆ, ಹುಟ್ಟುಹಬ್ಬದ ಬ್ಯಾನರು, ಲೀಡರುಗಳ ಕೈಮುಗಿದ ಫೋಟೋ, ಸತ್ತವರ ಶ್ರದ್ಧಾಂಜಲಿ. ಸತ್ತವರಲ್ಲಿ ಹೊಲದ ಮುದುಕರೇ ಹೆಚ್ಚು. ಆಧಾರ್ ಕಾರ್ಡಿನ ಫೋಟೋ ತಂದುಕೊಟ್ಟು, ಇದಕ್ಕೊಂದು ಕೋಟು ಹಾಕಿ ಕೊಡಿ ಎನ್ನುತ್ತಾರಂತೆ. ಬದುಕಿರುವಾಗ ಬನಿಯನ್ ಮೇಲೆ ಓಡಾಡಿದವರಿಗೆಲ್ಲ ಅವಳು ಕೋಟು ತೊಡಿಸಿ ಕಳಿಸುತ್ತಿದ್ದಳು. ಸಂಜೆ ಬಂದು ಅದನ್ನೇ ಹೇಳಿ ನಗುತ್ತಿದ್ದಳು. ಆ ಕೆಲಸದಲ್ಲಿ ಅವಳಿಗೆ ನಗು ಬಿಟ್ಟರೆ ಬೇರೆ ಏನೂ ಸಿಗುತ್ತಿರಲಿಲ್ಲ.

ಹಾಗಿರುವಾಗ ಹಾವೇರಿಯ ಒಬ್ಬ ಹುಡುಗ ಒಂದು ಬ್ಯಾನರು ಮಾಡಿಸಲು ಬಂದ. ಅವರಪ್ಪನದು ಟೈರಿನ ಅಂಗಡಿ. ಅವನೂ ಅವನ ಗೆಳೆಯರೂ ರ‍್ಯಾಪ್ ಹಾಡುವವರು. ಅದು ಹಾಡೆಂದರೆ ಹಾಡಲ್ಲ, ಮಾತೆಂದರೆ ಮಾತಲ್ಲ. ಜಗಳ ಆಡಿದ ಹಾಗಿರುತ್ತದೆ, ಆದರೆ ತಾಳ ತಪ್ಪುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲೂ ಹಾಗೆ ಹಾಡುವ ಹುಡುಗರಿದ್ದಾರೆ, ಅವರನ್ನೆಲ್ಲ ಸೇರಿಸಿ ಒಂದು ಪತ್ರಿಕೆ ಮಾಡಬೇಕು, ಮೊಬೈಲಿನಲ್ಲಲ್ಲ, ಕೈಯಲ್ಲಿ ಹಿಡಿಯುವಂಥ ಪುಸ್ತಕ ಎಂದು ಅವನ ಹಟ. ಬ್ಯಾನರು ನೋಡಿ, ಮುಖಪುಟ ನೀವೇ ಮಾಡಿಕೊಡಿ ಎಂದು ಇವಳನ್ನು ಕೇಳಿದ.

ಆವತ್ತು ಅವಳು ಮನೆಗೆ ಬಂದ ರೀತಿಯೇ ಬೇರೆ. ಚಪ್ಪಲಿ ಸಹ ಬಿಡಲಿಲ್ಲ.

"ಆಯಿ, ಸತ್ತಾವ್ರಿಗೆ ಕೋಟು ಹಾಕೂದು ಸಾಕು. ಇನ್ನ ಮ್ಯಾಲೆ ಬದುಕಿದಾವ್ರಿಗೆ ಹಾಕ್ತೀನಿ."

"ಮೊದ್ಲ ಚಪ್ಪಲಿ ಬಿಡು. ರೊಟ್ಟಿ ಬಡಿಯೂ ಜಾಗಾ ಅದು," ಎಂದೆ.

ಮೊದಲ ಮುಖಪುಟಕ್ಕೆ ನಮ್ಮ ಬ್ಯಾಡಗಿ ಮಾರ್ಕೆಟ್ಟಿನಲ್ಲೇ ಫೋಟೋ ತೆಗೆದರು. ಗಳಗನಾಥದ ಕಡೆಯ ಒಬ್ಬ ಹುಡುಗಿ ಮೆಣಸಿನಕಾಯಿ ಚೀಲದ ಮೇಲೆ ನಿಂತು ಮೈಕು ಹಿಡಿದಿದ್ದಳು. ಘಾಟಿಗೆ ಕೆಮ್ಮು ಬಂದು ಅವಳ ಕಣ್ಣಲ್ಲೆಲ್ಲ ನೀರು. ಅದನ್ನೇ ಇರಲಿ ಎಂದು ನನ್ನ ಮೊಮ್ಮಗಳು ಆರಿಸಿಕೊಂಡಳು. ನೋಡಿದವರು ಆ ಹುಡುಗಿ ಸಿಟ್ಟಿಗೆ ಅಳುತ್ತಿದ್ದಾಳೆ ಎಂದುಕೊಂಡರು. ಪತ್ರಿಕೆಯ ಹೆಸರು ಮೇಲೆ ಸಣ್ಣದಾಗಿ, ಒಂದು ಮೂಲೆಯಲ್ಲಿ. ಆಗ ಅವಳ ಅಕ್ಷರಗಳು ಸಣ್ಣವೇ ಇದ್ದವು, ಇರುವೆ ಸಾಲಿನಂತೆ ಒಪ್ಪವಾಗಿ ಇದ್ದವು.

ಆದರೆ ಅವಳ ಜೀವವೆಲ್ಲ ಪರಿವಿಡಿಯಲ್ಲಿತ್ತು. ಮುಖಪುಟ ಯಾರಾದರೂ ಮಾಡುತ್ತಾರೆ, ಪರಿವಿಡಿ ಎಂದರೆ ಊಟದ ಪಂಕ್ತಿ ಕೂಡಿಸಿದ ಹಾಗೆ, ಯಾರ ಪಕ್ಕ ಯಾರನ್ನು ಕೂಡಿಸಬೇಕು ಎಂದು ಗೊತ್ತಿರಬೇಕು ಎನ್ನುತ್ತಿದ್ದಳು. ಒಳಗಿನ ಪುಟಗಳಲ್ಲಿ ಹಾಡುಗಳಿಗೆ ಬರೀ ನಂಬರು ಇರಲಿ, ಬರೆದವರ ಹೆಸರು, ಊರು ಪರಿವಿಡಿಯಲ್ಲಿ ಮಾತ್ರ ಇರಲಿ ಎಂದು ನಿಯಮ ಮಾಡಿದವಳೂ ಅವಳೇ.

"ಎದಕ ಹಂಗ?" ಎಂದು ನಾನು ಕೇಳಿದೆ.

"ಹೆಸರ ನೋಡಿದ ಕೂಡಲೆ ನಮ್ಮ ಮಂದಿ, ಇವ ಯಾರ ಪೈಕಿ ಅಂತ ಕೇಳ್ತಾರ ಆಯಿ. ಮೊದ್ಲ ಹಾಡು ಓದ್ಲಿ. ಆಮ್ಯಾಲೆ ಬೇಕಾದ್ರ ಹಿಂದಕ ಬಂದು ಹೆಸರ ಹುಡುಕ್ಲಿ."

ಅದು ಖರೆ. ನಾನೂ ಮೊದಲು ಅದನ್ನೇ ಕೇಳುತ್ತಿದ್ದೆ.

ಅವಳು ಪರಿವಿಡಿ ಮಾಡುವುದು ಕಂಪ್ಯೂಟರಿನಲ್ಲಿ ಆಮೇಲೆ. ಮೊದಲು ನನ್ನ ಪಡಸಾಲೆಯ ನೆಲದ ಮೇಲೆ. ಒಂದೊಂದು ಹಾಡಿಗೆ ಒಂದೊಂದು ಕಾಗದದ ಚೂರು ಕತ್ತರಿಸಿ, ಹಾಡಿನ ಹೆಸರು, ಹುಡುಗನ ಹೆಸರು, ಊರು ಬರೆದು, ಅತ್ತ ಇತ್ತ ಸರಿಸುತ್ತ ಕೂರುತ್ತಿದ್ದಳು. ನಾನು ಗೋಡೆಗೆ ಆನಿಕೊಂಡು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಮಾರ್ಕೆಟ್ಟಿನ ಒಬ್ಬ ವ್ಯಾಪಾರಿ ಚೀಲ ಕಳಿಸುತ್ತಾನೆ, ನಮ್ಮ ಓಣಿಯ ಹೆಂಗಸರೆಲ್ಲ ಮಾಡುವ ಕೆಲಸ ಅದು. ಅವಳು ನಡುನಡುವೆ ಕೇಳುತ್ತಿದ್ದಳು.

"ಆಯಿ, ಅಲ್ಲಿಂದ ನೋಡು. ಮೊದ್ಲ ಯಾವ್ದು ಕಣ್ಣಿಗೆ ಬೀಳ್ತೈತಿ?"

"ಕರ್ಜಗಿ ಊರಿನ ಹುಡುಗಂದು."

"ಕರ್ಜಗಿ ಬೀಳಬಾರ್ದು ಈಗ. ಅವ ಮೂರನೇ ಪಂಕ್ತ್ಯಾಗ ಕುಂದ್ರಾಂವ."

"ಹಂಗಾರ ಅವನ ಹೆಸರ ಯಾಕ ಅಷ್ಟು ದಪ್ಪ ಬರದಿ? ನಿನ್ನ ಬೀಗನೇನ ಅಂವ?"

ನಗುತ್ತಿದ್ದಳು. ಚೂರು ಸರಿಸುತ್ತಿದ್ದಳು. ನಾನು ಶಾಲೆಯಲ್ಲಿ ಕಲಿತ ನಾಲ್ಕನೇ ಇಯತ್ತೆಯ ಓದು ಅಷ್ಟಕ್ಕಾದರೂ ಬಂತು.

ಮೊದಲು ನನಗೆ ಗೊತ್ತಾದದ್ದು ಮೆಣಸಿನಕಾಯಿಯಿಂದ. ರಜೆಯ ದಿನ ಅವಳೂ ನನ್ನ ಜೊತೆ ಕೂತು ಆರಿಸುತ್ತಿದ್ದಳು. ಕೆಂಪು ಕಾಯಿ ಒಂದು ಗುಂಪು, ಬಿಳಿ ಮಚ್ಚೆ ಬಿದ್ದ ಕಾಯಿ ಒಂದು ಗುಂಪು. ಅವಳ ಕೆಂಪಿನ ಗುಂಪಿನಲ್ಲಿ ಮಚ್ಚೆಯ ಕಾಯಿ ಕಾಣಿಸಿಕೊಳ್ಳತೊಡಗಿದವು. ಮನಸ್ಸೆಲ್ಲ ಪತ್ರಿಕೆಯ ಮೇಲೆ ಎಂದು ಬೈದೆ. ಆಮೇಲೆ ಅಕ್ಕಿಯಲ್ಲಿ ಕಲ್ಲು ಉಳಿಯತೊಡಗಿತು. ಆಮೇಲೆ ಓಣಿಯಲ್ಲಿ ಎದುರಿಗೆ ಬಂದವರು ಮಾತಾಡಿಸುವ ತನಕ ಇವಳು ಮಾತಾಡಿಸುತ್ತಿರಲಿಲ್ಲ. ಹುಡುಗಿಗೆ ಸೊಕ್ಕು ಬಂದಿದೆ ಎಂದು ನನಗೇ ಬಂದು ಹೇಳಿದವರಿದ್ದಾರೆ. ಬಿಸಿಲಿಗೆ ಹೋದರೆ ಹಣೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನನ್ನ ಜೊತೆ ಮಾತಾಡುವಾಗ ನನ್ನ ಮುಖ ನೋಡದೆ ನನ್ನ ಕಿವಿಯ ಕಡೆ ನೋಡುತ್ತಿದ್ದಳು. ಒಂದು ದಿನ ಹಿಡಿದು ಕೇಳಿದೆ.

"ಯಾಕ ನನ್ನ ಓರೆಗಣ್ಣಲೆ ನೋಡ್ತಿ?"

ನನ್ನ ಕಿವಿಯ ಕಡೆಯೇ ನೋಡುತ್ತ ಹೇಳಿದಳು.

"ನೆಟ್ಟಗ ನೋಡಿದ್ರ ನಿನ್ನ ಮುಖ ಇರೂದಿಲ್ಲ ಆಯಿ. ಓರೆಲೆ ನೋಡಿದ್ರ ಇರತೈತಿ."

ಅವಳನ್ನು ಕರೆದುಕೊಂಡು ಮಗಳು, ನಾನು ಹುಬ್ಬಳ್ಳಿಗೆ ಹೋದೆವು. ಕಣ್ಣಿನ ಡಾಕ್ಟರಮ್ಮ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂಡಿಸಿ, ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆ ನಡುವಿನಿಂದ ಸವೆಯುತ್ತ ಬಂದಿದೆ ಎಂದರು. ಚಷ್ಮಾ ಹಾಕಿದರೆ, ಆಪರೇಷನ್ ಮಾಡಿದರೆ ಸರಿಹೋಗುವಂಥದ್ದಲ್ಲ. ಸಂಬಂಧದೊಳಗೆ ಮದುವೆಯೇ ಎಂದು ಮಗಳನ್ನು ಕೇಳಿದರು. ಹೌದು, ಸೋದರತ್ತೆಯ ಮಗ ಎಂದಳು. ಡಾಕ್ಟರಮ್ಮ ಅದನ್ನು ಬರೆದುಕೊಂಡರು. ಹೊರಗೆ ಬೆಂಚಿನ ಮೇಲೆ ಕೂತಿದ್ದವರಲ್ಲಿ ಅರ್ಧ ಜನ ಹಾಗೆಯೇ ಮದುವೆಯಾದವರ ಮಕ್ಕಳಿರಬೇಕು.

ಬಸ್ಸಿನಲ್ಲಿ ಬರುವಾಗ ಮಗಳು ನಮ್ಮಿಬ್ಬರಿಗೂ ತಾಕೀತು ಮಾಡಿದಳು.

"ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಒಂದು ಲಗ್ನ ಆಗಲಿ. ಆಮ್ಯಾಲೆ ನೋಡೂಣು."

"ಆಮ್ಯಾಲೆ ಏನ್ ನೋಡ್ತಾಳ?" ಎಂದೆ ನಾನು. "ಆಮ್ಯಾಲೆ ನೋಡಾಕ ಆಗೂದಿಲ್ಲಂತ ಈಗಷ್ಟ ಹೇಳ್ಯಾರ."

ಮಗಳು ಅಳತೊಡಗಿದಳು. ಕಿಟಕಿಯ ಪಕ್ಕ ಕೂತಿದ್ದ ಹುಡುಗಿ, "ಸುಮ್ಕಿರ್ರಿ ಇಬ್ಬರೂ. ಯಾರಿಗೂ ಹೇಳೂದಿಲ್ಲ," ಎಂದಳು. ಅವರವ್ವ ತಿಳಿದದ್ದು ಮದುವೆಗೆ ಒಪ್ಪಿದಳೆಂದು. ಅವಳ ಮನಸ್ಸಿನಲ್ಲಿದ್ದದ್ದು ಪತ್ರಿಕೆ. ಕಣ್ಣು ಹೋಗುವ ಹುಡುಗಿಯ ಕೈಗೆ ಯಾರು ಮುಖಪುಟ ಕೊಡುತ್ತಾರೆ?

ಹಾಗಾಗಿ ಮುಚ್ಚಿಟ್ಟಳು. ಮುಚ್ಚಿಡುವುದಕ್ಕೆ ಅವಳಿಗೆ ಸಿಕ್ಕ ದಾರಿ ಅಕ್ಷರ ದೊಡ್ಡದು ಮಾಡುವುದು. ಮುಂದಿನ ಮುಖಪುಟದಲ್ಲಿ ಹಾಡುವವನ ಮುಖ ಅರ್ಧ ಮಾತ್ರ, ಅದೂ ಪುಟದ ತುಂಬ. ಅದರ ಮುಂದಿನದರಲ್ಲಿ ಮುಖವೇ ಇಲ್ಲ, ಒಂದು ಕೈ. ಅದರ ಮುಂದಿನದರಲ್ಲಿ ಒಂದೇ ಒಂದು ಅಕ್ಷರ, ಅಂಗಡಿಯ ಬೋರ್ಡಿನಷ್ಟು ದಪ್ಪ. ಪರಿವಿಡಿ ಮೊದಲು ಒಂದು ಪುಟದಲ್ಲಿ ಹಿಡಿಯುತ್ತಿತ್ತು, ಆಮೇಲೆ ಎರಡು ಪುಟಕ್ಕೆ ಹರಡಿತು. ನೆಲದ ಮೇಲಿನ ಕಾಗದದ ಚೂರುಗಳೂ ಅಂಗೈಯಷ್ಟಾದವು. "ಆಯಿ, ಮೊದ್ಲ ಯಾವ್ದು ಕಣ್ಣಿಗೆ ಬೀಳ್ತೈತಿ?" ಎಂದು ಈಗಲೂ ಕೇಳುತ್ತಿದ್ದಳು. ಮೊದಲು ಕೇಳುತ್ತಿದ್ದದ್ದು ನೋಟಕ್ಕೆ ಹೇಗಿದೆ ಎಂದು. ಈಗ ಕೇಳುತ್ತಿದ್ದದ್ದು ಏನಿದೆ ಎಂದು. ನಾನು ಇದ್ದದ್ದನ್ನು ಇದ್ದಲ್ಲಿ ಹೇಳುತ್ತಿದ್ದೆ. ಎಡಕ್ಕೆ ಸೊಟ್ಟ ಇದೆ, ಈ ಎರಡು ಒಂದರ ಮೇಲೊಂದು ಹತ್ತಿವೆ, ಹೀಗೆ.

ಹಾವೇರಿಯ ಹುಡುಗ ಹಿಗ್ಗಿಹೋದ. ಮನೆಗೇ ಬಂದು ಚಾ ಕುಡಿಯುತ್ತ ಹೇಳಿದ.

"ಅಜ್ಜಿ, ನಿಮ್ಮ ಮೊಮ್ಮಗಳ ಸ್ಟೈಲು ಬ್ಯಾರೆನ ಆಗಾಕತ್ತೈತ್ರಿ. ಬೆಂಗಳೂರಾವ್ರು ಫೋನ್ ಮಾಡಿ ಕೇಳ್ತಾರ, ಯಾರಪಾ ಇದನ್ನ ಮಾಡಿದ್ದು ಅಂತ."

"ಏನಂತ ಹೇಳಿದಿ?"

"ಬ್ಯಾಡಗಿ ಖಾರ ಅಂದೆ."

ಅವಳು ಒಳಗೆ ಒಲೆಯ ಮುಂದೆ ನಿಂತಿದ್ದಳು, ಗೋಡೆಯ ಕಡೆ ತಿರುಗಿಕೊಂಡು. ನಗುತ್ತಿದ್ದಳೋ ಏನೋ, ನನಗೆ ಕಾಣಲಿಲ್ಲ.

ಆಮೇಲೆ ಬಂದದ್ದು ಆ ಕಪ್ಪು ಸಂಚಿಕೆ. ಹುಡುಗರೆಲ್ಲ ಸೇರಿ, ಈ ಸಲ ಮುಖಪುಟ, ಪರಿವಿಡಿ ಎಲ್ಲ ಕಪ್ಪಿರಲಿ ಎಂದರು. ಕಪ್ಪಿನ ಮೇಲೆ ಬಿಳಿ ಅಕ್ಷರ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕಂಪ್ಯೂಟರಿನ ಬಿಳಿ ಅವಳ ಕಣ್ಣಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು, ಕಣ್ಣಲ್ಲಿ ನೀರು ಬಂದು ಕೆಲಸ ಸಾಗುತ್ತಿರಲಿಲ್ಲ. ನೀಲಿ ಹಾಕಿದಳು. ತೆರೆಯ ಮೇಲೆ ನೀಲಿ ದೀಪದ ಹಾಗೆ ಹೊಳೆಯುತ್ತದಂತೆ. ಕಾಗದಕ್ಕೆ ಇಳಿದರೆ ಅದೇ ನೀಲಿ ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಅದಕ್ಕೇ ಅಚ್ಚಿಗೆ ಕಳಿಸುವ ಮೊದಲು ಒಂದು ಪ್ರತಿ ತೆಗೆದು ನೋಡುತ್ತಾರೆ, ಅದಕ್ಕೆ ಪ್ರೂಫ್ ಎನ್ನುತ್ತಾರೆ. ಅಂಗಡಿಯ ಮಾಲಕ ಪ್ರೂಫ್ ತೆಗೆದು ಅವಳ ಕೈಗೆ ಕೊಟ್ಟ, ಅವಳು ನೋಡಿದಳು, ಹೂಂ ಎಂದಳು, ಅಚ್ಚಿಗೆ ಹೋಯಿತು. ಇದ್ದದ್ದನ್ನು ಹೇಳಲು ನಾನು ರಾಣೆಬೆನ್ನೂರಿನಲ್ಲಿ ಇರಲಿಲ್ಲ.

ಸಂಚಿಕೆ ಬಂದಾಗ ಮೆಣಸಿನಕಾಯಿಯ ಸುಗ್ಗಿ. ಊರಿಗೆ ಊರೇ ಸೀನುತ್ತಿತ್ತು, ನನ್ನ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚೀಲ. ಒಂದು ಪ್ರತಿ ಮನೆಗೆ ತಂದಿದ್ದಳು, ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ನಾನು ಒಳಗೆ ತೆರೆದು ನೋಡಲಿಲ್ಲ. ಅವಳ ಫೋನು ಮಾತ್ರ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಪರಿವಿಡಿ ಹೊಡೆತ ಐತಿ, ಇಂಥ ಧೈರ್ಯ ಯಾರೂ ಮಾಡಿಲ್ಲ ಎಂದು ಎಲ್ಲೆಲ್ಲಿಂದಲೋ ಹೇಳಿದರು. ಕಪ್ಪಿನ ಮೇಲಿನ ತನ್ನ ನೀಲಿ ಅಕ್ಷರಗಳನ್ನೇ ಹೊಗಳುತ್ತಿದ್ದಾರೆ ಎಂದು ಅವಳು ತಿಳಿದಳು. ಆ ವಾರ ಹೊಸ ಚಪ್ಪಲಿ ಕೊಂಡಳು. ಒಂದು ದಿನ ನನಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಳು.

ಮುಂದಿನ ರಜೆಯ ದಿನ, ಮಧ್ಯಾಹ್ನದ ಊಟ ಮುಗಿದಿತ್ತು. ಬಾಗಿಲಲ್ಲಿ ಯಾರೋ ಕೂಗಿದರು.

"ಅಕ್ಕಾರು ಅದಾರೇನ್ರಿ? ನಾವು ಮೇಡ್ಲೇರಿಯಿಂದ ಬಂದೇವ್ರಿ."

ಒಬ್ಬ ಗಂಡಸು, ಮೂವತ್ತರ ಆಸುಪಾಸು, ಹೊಲದಲ್ಲಿ ದುಡಿದ ಕೈ. ಹಿಂದೆ ಅವನ ತಾಯಿ, ನನಗಿಂತ ಸ್ವಲ್ಪ ಚಿಕ್ಕವಳು, ಕೈಚೀಲದಲ್ಲಿ ಬದನೆಕಾಯಿ. ಹೊಳೆದಂಡೆಯಲ್ಲಿ ಅವರ ಹೊಲ. ಇವನು ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಕಾಯುತ್ತ ಕೂತಾಗ ಹಾಡು ಕಟ್ಟುತ್ತಾನಂತೆ. ಈ ಸಂಚಿಕೆಯಲ್ಲಿ ಅವನ ಹಾಡು ಮೊದಲ ಸಲ ಅಚ್ಚಾಗಿತ್ತು. ಕುಂದ್ರಿ ಎಂದು ಚೀಲ ಸರಿಸಿ ಜಾಗ ಮಾಡಿದೆ. ಮೊಮ್ಮಗಳು ಚಾ ಇಟ್ಟಳು.

ಅವನು ಚಾ ಕುಡಿಯುತ್ತ ಮಾತು ಸುತ್ತಿಬಳಸಿದ. ಬಸ್ಸಿನಲ್ಲಿ ಜನರ ಗರ್ದಿ ಇತ್ತು, ಬಿಸಿಲು ಬಹಳ ಎಂದ. ತಾಯಿಗೆ ತಡೆಯಲಾಗಲಿಲ್ಲ.

"ಯಕ್ಕಾ, ಇವನ ಹೆಸರ ಅಚ್ಚ ಹಾಕಿದಾಕಿ ನಿಮ್ಮ ಹುಡುಗಿನ ಏನು? ಇಂವ ಊರ ತುಂಬಾ ಹೇಳ್ಕೊಂಡ ಬಂದಾನ. ಈಗ ಓಣ್ಯಾಗಿನ ಮಂದಿ, ಎಲ್ಲೈತಪಾ ನಿನ್ನ ಹೆಸರ, ಆ ಹಾಡ ಯಾರದರ ಇರಬೇಕು ಅಂತ ನಗಾಕತ್ತಾರ."

"ಅವ್ವಾ, ನೀ ಸುಮ್ಕಿರು." ಅವನು ಇವಳ ಕಡೆ ತಿರುಗಿದ. "ಏನಿಲ್ರಿ ಅಕ್ಕಾರ. ಆ ಹಾಳಿ ಭಾಳ ಛಲೋ ಐತಂತ ಎಲ್ಲಾರೂ ಅಂತಾರ. ನನಗಷ್ಟು ತಿಳಿಯೂದಿಲ್ರಿ. ಹಾಡಿನ ಮ್ಯಾಲೆ ಬರೇ ನಂಬರ್ ಐತಿ. ಹೆಸರು ಪರಿವಿಡ್ಯಾಗ ಇರತೈತಿ ಅಂದಿದ್ರೆಲ್ಲಾ, ಅದಕ್ಕ ಕೇಳಾಕ ಬಂದೆ."

"ಐತೆಲ್ಲಾ," ಎಂದಳು ಇವಳು, ಸ್ವಲ್ಪ ಬಿರುಸಾಗಿಯೇ. "ಏಳನೇದು. ನಿಮ್ಮ ಹೆಸರು, ಅದರ ಕೆಳಗ ಮೇಡ್ಲೇರಿ. ನಾನ ಕೈಯಾರೆ ಹಾಕೀನಿ."

"ಎಲ್ಲೈತ್ರಿ?"

ಅವನು ಪತ್ರಿಕೆಯನ್ನು ತೆರೆದು ಅವಳ ಮುಂದೆ ಹಿಡಿದ. ಅವಳು ತಡಮಾಡದೆ ಬೆರಳಿಟ್ಟಳು. ಬಲಗಡೆಯ ಪುಟ, ನಡುವಿಗಿಂತ ಸ್ವಲ್ಪ ಕೆಳಗೆ. "ಇಲ್ಲಿ."

ಅವಳ ಬೆರಳಿನ ಕೆಳಗೆ ಕಪ್ಪು ಇತ್ತು. ಪುಟದ ಈ ಅಂಚಿನಿಂದ ಆ ಅಂಚಿನ ತನಕ ಬರೀ ಕಪ್ಪು, ತವೆಯ ಹಿಂಬದಿಯ ಹಾಗೆ. ಅವನು ಪುಟ ನೋಡಿದ, ಅವಳ ಮುಖ ನೋಡಿದ, ಆಮೇಲೆ ನನ್ನ ಕಡೆ ನೋಡಿದ. ಅವನ ತಾಯಿ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಸುಳ್ಳು ಹೇಳಿ ಏನು ಮಾಡುವುದು? ನಾನು ಎಂದೆ, "ಇಲ್ಲ ಕೂಸೇ. ಅಲ್ಲೇನೂ ಇಲ್ಲ."

ಅವಳು ಬೆರಳು ತೆಗೆಯಲಿಲ್ಲ. "ನಿನಗೂ ಕಾಣವಲ್ದೇನು?"

"ನನಗಷ್ಟ ಅಲ್ಲ. ಯಾರಿಗೂ ಕಾಣೂದಿಲ್ಲ."

ಈಗ ಅವಳು ಬೆರಳು ತೆಗೆದಳು. ಆಮೇಲೆ ನಮ್ಮ ಯಾರನ್ನೂ ನೋಡದೆ ಹೇಳಿದಳು.

"ಪ್ರೂಫ್ ಕೊಟ್ಟಾಗ ನನಗೂ ಕಾಣ್ಲಿಲ್ಲ. ನನ್ನ ಕಣ್ಣಿಗೆ ಕಾಣವಲ್ದು, ಕಣ್ಣಿದ್ದಾವ್ರಿಗೆ ಕಾಣತೈತಿ ಅಂದ್ಕೊಂಡೆ. ಕೇಳಿದ್ರ ನನ್ನ ಕಣ್ಣಿಂದು ಗೊತ್ತಾಗ್ತೈತಂತ ಹೂಂ ಅಂದೆ."

ಮೇಡ್ಲೇರಿಯವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವನು ಪತ್ರಿಕೆ ಮುಚ್ಚಿ ಕೆಳಗೆ ಇಟ್ಟುಬಿಟ್ಟ. "ಇರಲಿ ಬಿಡ್ರಿ ಅಕ್ಕಾರ. ಹೆಸರಿಂದೇನೈತಿ," ಎಂದ. ಎರಡು ಬಸ್ಸು ಬದಲಿಸಿ ತಾಯಿಯನ್ನು ಕರೆದುಕೊಂಡು ಬಂದವನು ಹೆಸರಿನದೇನಿದೆ ಎಂದರೆ ಯಾರು ನಂಬುತ್ತಾರೆ?

ಅವನ ತಾಯಿ ಪತ್ರಿಕೆಯನ್ನು ಎತ್ತಿಕೊಂಡು ಬಾಗಿಲಿಗೆ ಹೋದಳು. ಸೀರೆಯ ಬಣ್ಣ ನೋಡುವ ಹಾಗೆ ಬಿಸಿಲಿಗೆ ಹಿಡಿದು ಅತ್ತ ಇತ್ತ ವಾಲಿಸಿದಳು. "ಯಕ್ಕಾ, ಬರ್ರಿಲ್ಲಿ. ಏನೋ ಮಿಂಚಿದಂಗಾಗತೈತಿ. ನನಗ ಓದಾಕ ಬರೂದಿಲ್ಲ," ಎಂದಳು. ಹೋಗಿ ನೋಡಿದೆ. ನೀರಿನ ಮೇಲೆ ಎಣ್ಣೆ ಬಿದ್ದ ಹಾಗೆ, ಒಂದು ಓರೆಯಲ್ಲಿ ಹಿಡಿದರೆ ಕಪ್ಪಿನೊಳಗೆ ಸ್ವಲ್ಪ ಬೇರೆ ಕಪ್ಪು ಹೊಳೆಯುತ್ತಿತ್ತು. ಅಕ್ಷರಗಳಿದ್ದವು. ಕೈ ಅಲುಗಿದರೆ ಹೋಗುತ್ತಿದ್ದವು. ಆ ತಾಯಿ ಹಾಳೆ ಹಿಡಿದಳು, ನಾನು ಬೆರಳಿಟ್ಟು ಒಂದೊಂದೇ ಕೂಡಿಸಿ ಓದಿದೆ. ಕರ್ಜಗಿಯವನ ಹೆಸರು ಬಂತು, ಗಳಗನಾಥದ ಹುಡುಗಿಯ ಹೆಸರು ಬಂತು. ಏಳನೆಯದು ಇವಳು ಬೆರಳಿಟ್ಟ ಜಾಗದಲ್ಲೇ ಇತ್ತು. ಓದಿದೆ. ಕೆಳಗೆ ಮೇಡ್ಲೇರಿ ಎಂದಿತ್ತು, ಅದನ್ನೂ ಓದಿದೆ.

"ಇನ್ನೊಮ್ಮೆ ಓದ್ರ್ಯಕ್ಕಾ," ಎಂದಳು ಆ ತಾಯಿ.

ಇನ್ನೊಮ್ಮೆ ಓದಿದೆ. ಒಳಗೆ ಕೂತಿದ್ದ ಅವಳ ಮಗ ತಲೆ ಎತ್ತಲಿಲ್ಲ. ನನ್ನ ಮೊಮ್ಮಗಳೂ ಎತ್ತಲಿಲ್ಲ. ಬದನೆಕಾಯಿ ಇಟ್ಟು, ಹೋಗಿ ಬರ್ತೀವಿ ಎಂದು ಅವರು ಹೋದರು. ಹೋಗುವಾಗ ಆ ತಾಯಿ ಇವಳ ತಲೆಯ ಮೇಲೆ ಕೈಯಿಟ್ಟು ಸವರಿದಳು.

ಅವರು ಓಣಿ ದಾಟುವ ಮೊದಲೇ ಇವಳು ಹಾವೇರಿಯ ಹುಡುಗನಿಗೆ ಫೋನು ಹಚ್ಚಿದಳು. ಈಚೆಗೆ ಫೋನನ್ನು ಗಟ್ಟಿಯಾಗಿ ಕೇಳುವಂತೆ ಇಟ್ಟೇ ಮಾತಾಡುತ್ತಿದ್ದಳು, ಹಾಗಾಗಿ ನನಗೆಲ್ಲ ಕೇಳಿಸಿತು. ಕಣ್ಣಿನ ಸಂಗತಿ ಹೇಳಿದಳು. ಪ್ರೂಫಿನ ಸಂಗತಿ ಹೇಳಿದಳು. ಅಳಲಿಲ್ಲ. ಆ ಕಡೆಯಿಂದ ಹುಡುಗ ಅಂದ.

"ಅಕ್ಕಾ, ನಾನೂ ಖರೇ ಹೇಳ್ತೀನಿ. ಆ ಪ್ರೂಫ್ ಅಂಗಡ್ಯಾವ್ರು ನಮಗೂ ತೋರಿಸಿದ್ರು, ನೋಡಿದಾಗ ನಮಗ್ಯಾರಿಗೂ ಏನೂ ಕಾಣ್ಲಿಲ್ಲ. ನೀ ಏನೋ ದೊಡ್ಡದು ಮಾಡೀದಿ, ನಮಗ ತಿಳೀವಲ್ದು ಅಂದ್ಕೊಂಡ್ವಿ. ಕೇಳಾಕ ನಾಚಿಕಿ ಆತು."

ಅವಳು ನಕ್ಕಳು. ಅಂಥ ನಗು ನಾನು ಅವಳ ಬಾಯಲ್ಲಿ ಮೊದಲು ಕೇಳಿರಲಿಲ್ಲ, ಇನ್ನೊಮ್ಮೆ ಕೇಳುವುದೂ ಬೇಡ.

"ಆದ್ರ ಅಕ್ಕಾ, ಇದನ್ನ ಯಾರಿಗೆ ಹೇಳ್ಬೇಕಾಗೈತಿ?" ಎಂದ ಅವನು. "ಎಲ್ಲಾರೂ ಸ್ಟೈಲ್ ಅಂದಾರ. ಹಂಗ ಇರಲಿ. ಮುಂದಿನ ಸಂಚಿಕೀಗೂ ನೀನ ಮಾಡು, ನಾವು ಪಕ್ಕದಾಗ ಕುಂತು ನೋಡ್ತೀವಿ. ನಿನ್ನ ಹೆಸರ ಆಗೈತಿ."

"ನನ್ನ ಹೆಸರ ಆಗೈತಿ. ಅವರದು ಆಗಿಲ್ಲ," ಎಂದಳು. "ಮುಂದಿನ ಸಂಚಿಕ್ಯಾಗ ಆ ಹೆಸರೆಲ್ಲಾ ಬಿಳೀ ಹಾಳಿ ಮ್ಯಾಲೆ ಕರೇ ಅಕ್ಷರದಾಗ ಹಾಕ್ರಿ. ಯಾಕ ತಪ್ಪಾತು ಅನ್ನೂದನ್ನೂ ಬರೀರಿ. ನನ್ನ ಕಣ್ಣಿನ ಸಲುವಾಗಿ ಅಂತನ ಬರೀರಿ. ನಾ ಮಾಡೂದಿಲ್ಲ. ಬ್ಯಾರೆಯಾವ್ರನ್ನ ನೋಡ್ಕೊಳ್ರಿ."

ಒಳ್ಳೆಯ ಹುಡುಗ, ಬೇಡ ಎಂದ, ಯೋಚನೆ ಮಾಡು ಎಂದ. ಅವರ ಕಾಕಾನಿಗೂ ಕಣ್ಣು ಹೀಗೆಯೇ ಹೋಯಿತಂತೆ. ಸರಕಾರಿ ದವಾಖಾನೆಯಲ್ಲಿ ತೋರಿಸಿ ಸರ್ಟಿಫಿಕೇಟು ಮಾಡಿಸಿದ ಮೇಲೆ, ಮಾತಾಡುವ ಕಂಪ್ಯೂಟರು ಕಲಿಸುವ ಕಡೆ ಸೇರಿಸಿಕೊಂಡರಂತೆ. ಅದನ್ನೂ ಹೇಳಿದ. ಅವಳು ಹೂಂ ಹೂಂ ಎಂದು ಫೋನು ಇಟ್ಟಳು. ಆದರೆ ಮಾತಾಡುವ ಕಂಪ್ಯೂಟರು ಕಾಗದದ ಚೂರು ಸರಿಸಿ ಪಂಕ್ತಿ ಕೂಡಿಸುತ್ತದೆಯೇ? ಅವಳಿಗೆ ಬೇಕಾದದ್ದು ಅದೊಂದೇ ಇತ್ತು. ಆ ಕೆಲಸ ಅವಳ ಕೈಬಿಟ್ಟು ಹೋಯಿತು, ಮತ್ತೆ ಬರಲಿಲ್ಲ. ಈಗ ಹಾವೇರಿಯ ಯಾರೋ ಮಾಡುತ್ತಾರೆ. ಅಕ್ಷರ ದೊಡ್ಡವೇ ಇವೆ. ಇವಳದನ್ನು ನೋಡಿ ಕಲಿತದ್ದು.

ಸಂಜೆಗೆ ಅವಳು ಚೀಲದ ಪಕ್ಕ ಬಂದು ಕೂತು ತೊಟ್ಟು ಬಿಡಿಸತೊಡಗಿದಳು. ತೊಟ್ಟು ಬಿಡಿಸುವುದಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು. ನಾನು ಸಮಾಧಾನ ಹೇಳಲಿಲ್ಲ. ಯಾವ ಸಮಾಧಾನ ಹೇಳುವುದು? ಅಷ್ಟರಲ್ಲಿ ನನ್ನ ಫೋನಿಗೆ ಮಗಳ ಕರೆ ಬಂತು. ಐತವಾರ ಹಿರೇಕೆರೂರಿನ ಕಡೆಯವರು ಕನ್ಯೆ ನೋಡಲು ಬರುತ್ತಾರೆ, ಹುಡುಗಿಯನ್ನು ಕಿಟಕಿಗೆ ಬೆನ್ನು ಮಾಡಿ ಕೂಡಿಸೋಣ, ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ ಎಂದಳು. ಅಷ್ಟೆಲ್ಲ ಯೋಚನೆ ಮಾಡಿದ್ದಳು ಪಾಪ. ಅವಳೂ ತಾಯಿಯೇ.

"ಬರೂದು ಬ್ಯಾಡ ಅನ್ನು," ಎಂದೆ.

"ಯಾಕ? ಏನಾತು?"

"ಬಂದು ಹೇಳ್ತೀನಿ."

ಫೋನು ಇಟ್ಟ ಮೇಲೆ ಮೊಮ್ಮಗಳನ್ನು ಕೇಳಿದೆ. "ಆ ಹುಡುಗ ಹೇಳಿದ್ನೆಲ್ಲಾ, ದವಾಖಾನಿ. ಹೋಗೂಣೇನು?"

"ಅಲ್ಲಿ ನಮ್ಮ ಮಂದಿ ಯಾರರ ನೋಡ್ತಾರ."

"ನೋಡ್ಲಿ. ಅವರಿಗೆ ಕಣ್ಣದಾವ, ನೋಡ್ತಾರ."

ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು. ಆಮೇಲೆ ಹೂಂ ಎಂದಳು. ಪ್ರೂಫಿಗೆ ಅಂದ ಹೂಂ ಅಲ್ಲ, ನನಗೆ ಹೇಳಿದ ಹೂಂ ಅದು. ಆದರೂ ಅವಳ ಮುಖ ನೋಡಿ, ಒತ್ತಾಯಕ್ಕೆ ಅಂದದ್ದಲ್ಲ ಎಂದು ಖಾತ್ರಿ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಎದ್ದು ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ ಮಾಡಿ ಕಟ್ಟಿಕೊಂಡೆ. ಮೊದಲನೆಯ ಬಸ್ಸಿಗೆ ಇಬ್ಬರೂ ಹಾವೇರಿಗೆ ಹೋದೆವು. ಮಗಳ ಮನೆಯ ಮುಂದೆಯೇ ಆಟೋ ಹೋಯಿತು, ನಿಲ್ಲಿಸಲಿಲ್ಲ. ಸರಕಾರಿ ದವಾಖಾನೆಯಲ್ಲಿ ಕಣ್ಣಿನ ವಿಭಾಗದ ಮುಂದೆ ಆಗಲೇ ಜನ ನಿಂತಿದ್ದರು, ಹೆಚ್ಚಿನವರು ನನ್ನಂಥ ಮುದುಕಿಯರು. ನಾವೂ ಹೋಗಿ ನಿಂತೆವು. ಅಳಿಯನ ಕಡೆಯ ಒಬ್ಬ ಹೆಂಗಸು ನನ್ನ ಗುರುತು ಹಿಡಿದು ಹತ್ತಿರ ಬಂದಳು.

"ಏನ್ರೀ ಅತ್ತಿ, ಇಲ್ಲಿ ನಿಂತೀರಿ? ಕಣ್ಣಿಗೇನಾತ್ರಿ ನಿಮಗ?"

"ನನಗಲ್ಲವಾ, ಇಕಿಗೆ," ಎಂದೆ. ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆಯೇ ಎಂದೆ. ಆ ಹೆಂಗಸು ಬಾಯಿಗೆ ಸೆರಗು ಹಿಡಿದಳು. ಒಳಗಿನಿಂದ ಮುಂದೆ ಬರ್ರಿ ಎಂದು ಕರೆದರು. ನಾನು ಮೊಮ್ಮಗಳ ರಟ್ಟೆ ಹಿಡಿದುಕೊಂಡು ಮುಂದಕ್ಕೆ ಸರಿದೆ.